ಪುಸ್ತಕ, ಪಿವಿಸಿ ಪೈಪು, ಕೆಟಲ್‌ಬೆಲ್: ನಾನು ಮಾಡಿದ ಮೂರು ಟ್ರೈನರ್ ಸರ್ಟಿಫಿಕೇಟ್‌ಗಳು

ದಾವಣಗೆರೆಯ ಜಿಮ್‌ಗಳಲ್ಲಿ ಕೆಲಸಕ್ಕೆ ಸೇರಿದ ಹೊಸ ಹುಡುಗರು ನನ್ನ ಹತ್ತಿರ ಬಂದರೆ ಕೇಳುವುದು ಹೆಚ್ಚಾಗಿ ಇದನ್ನೇ: "ಅಣ್ಣ, ಯಾವ ಸರ್ಟಿಫಿಕೇಟ್ ಮಾಡ್ಲಿ?" ಇಲ್ಲಿ ಎರಡು ಸಾಲಲ್ಲಿ ಹೇಳಿ ಮುಗಿಸೋಕೆ ಆಗಲ್ಲ. ನಾನು ಮೂರು ಮಾಡಿದ್ದೇನೆ. ಅಮೆರಿಕದ ಏಸ್ ಸಂಸ್ಥೆಯ ಪರ್ಸನಲ್ ಟ್ರೈನರ್ ಪರೀಕ್ಷೆ, ಬೇರೆ ಬೇರೆ ವ್ಯಾಯಾಮ ಸೇರಿಸಿ ಗುಂಪಿನಲ್ಲಿ ಜೋರಾಗಿ ಮಾಡಿಸುವ ಕ್ರಾಸ್‌ಫಿಟ್‌ನ ಲೆವೆಲ್ 1, ಸ್ಟ್ರಾಂಗ್‌ಫಸ್ಟ್‌ನವರ ಕೆಟಲ್‌ಬೆಲ್ (ಹಿಡಿಕೆ ಇರುವ ಕಬ್ಬಿಣದ ಗುಂಡು) ಸರ್ಟಿಫಿಕೇಟ್ ಎಸ್‌ಎಫ್‌ಜಿ ಲೆವೆಲ್ 1. ಮೂರಕ್ಕೂ ಕೈಯಿಂದಲೇ ದುಡ್ಡು ಹಾಕಿದ್ದೇನೆ.

ಇವುಗಳಿಗೂ ಮೊದಲು ಒಂದು ದಿನದ ಸೆಮಿನಾರ್‌ಗೆ ಹೋಗಿದ್ದೆ. ಹೆಸರು ಬೇಡ. ಹೋಟೆಲ್ ಹಾಲ್, ನೂರಕ್ಕೂ ಜಾಸ್ತಿ ಜನ, ಬೆಳಗ್ಗೆಯಿಂದ ಪರದೆ ಮೇಲೆ ಸ್ಲೈಡುಗಳು. ಹಿಂದಿನ ಸಾಲಿಗೆ ಅಕ್ಷರ ಕಾಣುತ್ತಿರಲಿಲ್ಲ. ಹಾಲ್‌ನಲ್ಲಿ ತೂಕ ಎತ್ತುವ ಒಂದು ಬಾರ್ ಕೂಡ ಇರಲಿಲ್ಲ. ಸಂಜೆ ಐದಕ್ಕೆ ಎಲ್ಲರ ಹೆಸರೂ ಕರೆದು ಸರ್ಟಿಫಿಕೇಟ್ ಕೊಟ್ಟು ಫೋಟೋ ತೆಗೆದರು. ಅದನ್ನು ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ್ದೆ. ಒಂದು ವಾರಕ್ಕೆ ಬಿಪಿ ಇದ್ದ ಒಬ್ಬರು ಸೇರಿಕೊಳ್ಳಲು ಬಂದರು. ಅವರಿಗೆ ಏನು ಕೇಳಬೇಕು ಅಂತ ನನಗೆ ಗೊತ್ತಿರಲಿಲ್ಲ. ಅವತ್ತು ಆದ ಸಂಕಟ ಇನ್ನೂ ನೆನಪಿದೆ.

ಅದಕ್ಕೇ ಮೊದಲು ಏಸ್ ಮಾಡಿದೆ. ಇದು ಓದಿ ಬರೆಯುವ ದಾರಿ. ದಪ್ಪ ಪುಸ್ತಕ, ಮನೆಯಲ್ಲೇ ಓದು, ಕೊನೆಗೆ ಕಂಪ್ಯೂಟರ್ ಮುಂದೆ ಕೂತು ಮೂರು ಗಂಟೆಯಲ್ಲಿ 150 ಪ್ರಶ್ನೆ. 800ಕ್ಕೆ 500 ಬಂದರೆ ಪಾಸು. ಜೊತೆಗೆ ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವುದು) ಕಲಿತ ಸರ್ಟಿಫಿಕೇಟ್ ಇರಲೇಬೇಕು. ನಾನು ಕನ್ನಡ ಮೀಡಿಯಮ್ಮಿನವನು, ಪುಸ್ತಕ ಪೂರ್ತಿ ಇಂಗ್ಲಿಷು. ಬೆಳಗಿನ ಬ್ಯಾಚ್ ಮುಗಿಸಿ ದಿನಕ್ಕೆ ನಾಲ್ಕೇ ಪುಟ ಓದುತ್ತಿದ್ದೆ. ಏಳು ತಿಂಗಳು ಹಿಡಿಯಿತು.

ಆ ಏಳು ತಿಂಗಳಲ್ಲಿ ಕಲಿತದ್ದು ಬೇರೆಲ್ಲೂ ಸಿಗಲಿಲ್ಲ. ವ್ಯಾಯಾಮ ಶುರು ಮಾಡಿಸುವ ಮೊದಲು ತುಂಬಿಸಿಕೊಳ್ಳುವ ಏಳು ಪ್ರಶ್ನೆಗಳ ಫಾರ್ಮ್ ಇದೆ, ಪಾರ್-ಕ್ಯೂ ಅಂತಾರೆ. ಎದೆನೋವು ಬರುತ್ತದಾ, ತಲೆ ಸುತ್ತುತ್ತದಾ, ಕೀಲು ಮೂಳೆ ತೊಂದರೆ ಇದೆಯಾ, ಬಿಪಿಗೋ ಹೃದಯಕ್ಕೋ ಮಾತ್ರೆ ನಡೆಯುತ್ತಿದೆಯಾ, ಇಂಥವು. ಒಂದಕ್ಕೆ ಹೌದು ಅಂದರೂ ಮೊದಲು ಡಾಕ್ಟರನ್ನು ಕಂಡು ಬರಬೇಕು. ನಾನು ಅದನ್ನು ಕನ್ನಡದಲ್ಲಿ ಬರೆದು ಜೆರಾಕ್ಸ್ ಮಾಡಿಸಿ ಇಟ್ಟಿದ್ದೇನೆ. ಇನ್ನೊಂದು, ಮನಸ್ಸು ಬದಲಾಗುವ ಹಂತಗಳು. ಇನ್ನೂ ಯೋಚನೆಯಲ್ಲೇ ಇರುವವರಿಗೆ ವಾರಕ್ಕೆ ಆರು ದಿನದ ಚಾರ್ಟ್ ಬರೆದುಕೊಟ್ಟರೆ ಅವರು ಎರಡನೇ ವಾರ ಬರುವುದಿಲ್ಲ. ಅವರಿಗೆ ಬೇಕಾದ್ದು ಮಾತು. ಆದರೆ ಪುಸ್ತಕಕ್ಕೆ ನನ್ನ ಕಣ್ಣು ತಿದ್ದಲು ಆಗಲಿಲ್ಲ. ಮೊಣಕಾಲು ಒಳಗೆ ಬೀಳುವ ಚಿತ್ರ ನೂರು ಸಲ ನೋಡಿದ್ದೆ, ಎದುರಿಗೆ ನಿಂತವರ ಮೊಣಕಾಲು ಒಳಗೆ ಬಿದ್ದಾಗ ಕಾಣಲಿಲ್ಲ.

ಕ್ರಾಸ್‌ಫಿಟ್ ಲೆವೆಲ್ 1 ಎರಡು ದಿನದ್ದು, ಶನಿವಾರ ಮತ್ತು ಭಾನುವಾರ. ಮೂರು ಸ್ಕ್ವಾಟ್ (ಬಸ್ಕಿಯ ಹಾಗೆ ಕೂತು ಏಳುವುದು), ಮೂರು ಪ್ರೆಸ್ (ಭುಜದಿಂದ ತಲೆ ಮೇಲಕ್ಕೆ ತಳ್ಳುವುದು), ಮೂರು ನೆಲದಿಂದ ಎತ್ತುವವು, ಒಟ್ಟು ಒಂಬತ್ತು ಚಲನೆ. ಹೆಚ್ಚಿನ ಅಭ್ಯಾಸ ಹಗುರ ಪಿವಿಸಿ ಪೈಪಿನಲ್ಲೇ. ಇದರಿಂದೇನು ಬರುತ್ತೆ ಅಂದುಕೊಂಡಿದ್ದೆ. ಆ ಪೈಪನ್ನು ತಲೆ ಮೇಲೆ ಎತ್ತಿ ಹಿಡಿದು ಸ್ಕ್ವಾಟ್ ಕೂತಾಗ ಗೊತ್ತಾಯಿತು. ತೂಕ ಇಲ್ಲದಿದ್ದರೂ ಕೆಳಗೆ ಹೋದ ಹಾಗೆ ಪೈಪು ಮುಂದೆ ಬರುತ್ತಿತ್ತು, ಹಿಮ್ಮಡಿ ಏಳುತ್ತಿತ್ತು. ಕೋಚ್ ನನ್ನ ಪಕ್ಕಕ್ಕೆ ಬಂದು ನಿಂತರು, ಎದುರಿಗಲ್ಲ. ಪೈಪು ಪಾದದ ನಡುವಿನ ಮೇಲೆ ಇದೆಯಾ ಅಂತ ಪಕ್ಕದಿಂದ ನೋಡಿದರೇ ಕಾಣುವುದು. ಹತ್ತು ವರ್ಷ ನಾನು ಎಲ್ಲರನ್ನೂ ಎದುರಿಗೆ ನಿಂತೇ ನೋಡುತ್ತಿದ್ದೆ!

ಅವರು ಒತ್ತಿ ಹೇಳಿದ ಕ್ರಮವೂ ನನಗೆ ಇಷ್ಟ. ಮೊದಲು ಸರಿಯಾದ ರೀತಿ, ಆಮೇಲೆ ಪ್ರತಿ ಸಲವೂ ಅದೇ ರೀತಿ, ಅದಾದ ಮೇಲೆ ಮಾತ್ರ ವೇಗ ಮತ್ತು ತೂಕ. ಚಿಕ್ಕವನಿದ್ದಾಗ ಗರಡಿಯಲ್ಲಿ ಉಸ್ತಾದರೂ ಬಸ್ಕಿ ಸರಿಯಾಗುವ ತನಕ ಗುಂಡುಕಲ್ಲು ಮುಟ್ಟಲು ಬಿಡುತ್ತಿರಲಿಲ್ಲ. ಭಾನುವಾರ ಸಂಜೆ ಬರವಣಿಗೆ ಪರೀಕ್ಷೆ ಇದೆ, ಕೈಪಿಡಿ ಮೊದಲೇ ಓದಿಕೊಂಡು ಹೋದರೆ ಕಷ್ಟವಿಲ್ಲ. ಒಂದೇ ಕೊರತೆ ಅಂದರೆ, ಈ ಹಂತದಲ್ಲಿ ನಾವು ತಿದ್ದಿಸಿಕೊಳ್ಳುತ್ತೇವೆ. ಬೇರೆಯವರನ್ನು ತಿದ್ದುವ ಅಭ್ಯಾಸ ಹೆಚ್ಚಾಗಿ ಲೆವೆಲ್ 2ಕ್ಕೆ ಹೋದರೆ ಸಿಗುತ್ತದೆ.

ಎಸ್‌ಎಫ್‌ಜಿ ಮೂರು ದಿನ. ಸ್ಟ್ರಾಂಗ್‌ಫಸ್ಟ್ ಅನ್ನು 2012ರಲ್ಲಿ ಶುರು ಮಾಡಿದ್ದು ಪಾವೆಲ್ ತ್ಸತ್ಸೂಲಿನ್. ಇಲ್ಲಿರುವುದು ಆರೇ ಚಲನೆ, ಮೂರು ದಿನ ಅವೇ ಆರು. ಸ್ನ್ಯಾಚ್ (ಒಂದೇ ಏಟಿಗೆ ಕೆಟಲ್‌ಬೆಲ್ ಅನ್ನು ತಲೆ ಮೇಲಕ್ಕೆ ಎತ್ತುವುದು) ಪರೀಕ್ಷೆ ಎಲ್ಲರ ಬಾಯಲ್ಲೂ ಇರುತ್ತದೆ: ಐದು ನಿಮಿಷದಲ್ಲಿ ನೂರು ಸಲ. ನನ್ನ ತೂಕಕ್ಕೆ 24 ಕೆಜಿ ಬಂತು. ತಯಾರಿಗೆ ಐದು ತಿಂಗಳು ಬೇಕಾಯಿತು. ಅಂಗೈಯ ದಡ್ಡನ್ನು ರಾತ್ರಿ ಸ್ನಾನ ಆದ ಮೇಲೆ ಉಜ್ಜಿ ಸಮ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಅರುವತ್ತು ಎಪ್ಪತ್ತರ ಹೊತ್ತಿಗೆ ಚರ್ಮ ಕಿತ್ತು ಬರುತ್ತದೆ.

ಆದರೆ ನನ್ನನ್ನು ಬದಲಾಯಿಸಿದ್ದು ಆ ನೂರು ಸ್ನ್ಯಾಚ್ ಅಲ್ಲ. ಇಲ್ಲಿ ಇನ್ನೊಬ್ಬರಿಗೆ ಕಲಿಸಿ ತೋರಿಸಬೇಕು, ಅದನ್ನೂ ನೋಡಿ ಅಳೆಯುತ್ತಾರೆ. ನನ್ನ ಜೊತೆಯವರ ಸ್ವಿಂಗ್ (ಕೆಟಲ್‌ಬೆಲ್ ಅನ್ನು ಕಾಲ ನಡುವಿಂದ ಮುಂದಕ್ಕೆ ಬೀಸುವುದು) ಸ್ಕ್ವಾಟ್ ತರಹ ಆಗುತ್ತಿತ್ತು. ಸೊಂಟ ಹಿಂದೆ ಹೋಗುವ ಬದಲು ಮೊಣಕಾಲು ಮಡಚುತ್ತಿತ್ತು. ನಾನು ಒಂದೇ ಉಸಿರಿಗೆ ಬೆನ್ನು, ಭುಜ, ಉಸಿರು, ಮೊಣಕಾಲು ಅಂತ ನಾಲ್ಕು ವಿಷಯ ಹೇಳಿದೆ. ಪಕ್ಕದಲ್ಲಿದ್ದ ಕೋಚ್ ನನ್ನನ್ನು ತಡೆದರು. "ಇದರಲ್ಲಿ ಒಂದನ್ನು ಆರಿಸಿ," ಅಂದರು. ಸ್ವಲ್ಪ ಹೊತ್ತು ಯೋಚಿಸಿ ಜೊತೆಯವರನ್ನು ಗೋಡೆಗೆ ಬೆನ್ನು ಮಾಡಿ ಒಂದು ಪಾದದಷ್ಟು ಮುಂದೆ ನಿಲ್ಲಿಸಿದೆ. ಕುಂಡಿ ಗೋಡೆಗೆ ತಾಗಲಿ ಅಂದೆ, ಅಷ್ಟೇ. ಮೂರನೇ ಸಲಕ್ಕೆ ಸೊಂಟ ಸರಿಯಾಗಿ ಮಡಚಿತು. ಬೆನ್ನು ತಾನಾಗಿಯೇ ನೇರವಾಯಿತು.

ಊರಿಗೆ ಬಂದ ಮೇಲೆ ನಮ್ಮ ಬೆಳಗಿನ ಬ್ಯಾಚಿನ ನಿವೃತ್ತ ಟೀಚರ್ ಒಬ್ಬರಿಗೆ ಇದನ್ನೇ ಮಾಡಿಸಿದೆ. ಬಗ್ಗಿ ಬಿಂದಿಗೆ ಎತ್ತಿದರೆ ಸೊಂಟ ಹಿಡಿಯುತ್ತದೆ ಅನ್ನುತ್ತಿದ್ದರು. ಫಾರ್ಮ್ ತುಂಬಿಸಿದೆ, ಡಾಕ್ಟರ್ ಚೀಟಿ ತಂದರು. "ಮೇಡಂ, ಗ್ವಾಡಿಗೆ ತಾಗೋವಷ್ಟು ಹಿಂದಕ್ಕೆ ಹೋಗ್ರಿ, ಸಾಕು," ಅಂದೆ. "ಇಷ್ಟೇ ಏನಪ್ಪಾ?" ಅಂದರು. ಈಗ 16 ಕೆಜಿ ಕೆಟಲ್‌ಬೆಲ್ ಅನ್ನು ನೆಲದಿಂದ ಎತ್ತಿ ಇಡುತ್ತಾರೆ.

ಹಾಗಾದರೆ ಯಾವುದು? ಕಲಿಸುವವನಾಗಿ ನನ್ನನ್ನು ಜಾಸ್ತಿ ಬೆಳೆಸಿದ್ದು ಎಸ್‌ಎಫ್‌ಜಿ, ಇದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಇನ್ನೂ ಒಂದೂ ಮಾಡಿರದ ಹುಡುಗನಿಗೆ ನಾನು ಏಸ್ ಅಥವಾ ಅಂಥದ್ದೇ ಪುಸ್ತಕದ ದಾರಿಯನ್ನೇ ಮೊದಲು ಹೇಳುತ್ತೇನೆ. ಯಾರಿಗೆ ಏನು ಮಾಡಿಸಬಾರದು ಅಂತ ಗೊತ್ತಿಲ್ಲದೆ ಜನರ ಮೈಗೆ ಕೈಹಾಕಬಾರದು. ದೊಡ್ಡ ಜಿಮ್‌ಗಳಲ್ಲಿ ಕೆಲಸ ಹುಡುಕುವಾಗಲೂ ಈ ಕಾಗದ ನೆರವಾಗುತ್ತದೆ. ಗುಂಪಿಗೆ ಬಾರ್‌ಬೆಲ್ ಕಲಿಸುವವರಿಗೆ ಕ್ರಾಸ್‌ಫಿಟ್. ಒಬ್ಬೊಬ್ಬರನ್ನೇ ಕೂರಿಸಿ ತಿದ್ದುವ ಕೆಲಸ ಇದ್ದರೆ, ಐದಾರು ತಿಂಗಳು ತಯಾರಿಗೆ ಕೊಡುವ ತಾಳ್ಮೆ ಇದ್ದರೆ, ಕೆಟಲ್‌ಬೆಲ್.

ಖರ್ಚು ಒಂದೇ ಸಲಕ್ಕೆ ಮುಗಿಯಲ್ಲ, ಇದನ್ನು ಲೆಕ್ಕದಲ್ಲಿಡಿ. ಏಸ್ ಎರಡು ವರ್ಷಕ್ಕೊಮ್ಮೆ ನವೀಕರಣ, ಅಷ್ಟರೊಳಗೆ 20 ಗಂಟೆ ಹೊಸ ಕಲಿಕೆ ತೋರಿಸಬೇಕು. ಎಸ್‌ಎಫ್‌ಜಿಯೂ ಎರಡೇ ವರ್ಷ. ಕ್ರಾಸ್‌ಫಿಟ್ ಲೆವೆಲ್ 1 ಐದು ವರ್ಷ ನಡೆಯುತ್ತದೆ. ರೈಲು, ರೂಮು, ಬಿಟ್ಟ ಬ್ಯಾಚಿನ ಸಂಬಳ ಬೇರೆ.

ಬೇರೆ ಯಾವುದೇ ಸೆಮಿನಾರ್‌ಗೆ ದುಡ್ಡು ಕಟ್ಟುವ ಮೊದಲು ಅವರಿಗೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಎಷ್ಟು ಜನಕ್ಕೆ ಒಬ್ಬ ಕೋಚ್ ಇರುತ್ತಾರೆ? ನಾನು ಕಲಿಸುವುದನ್ನು ಯಾರಾದರೂ ನಿಂತು ನೋಡುತ್ತಾರಾ? ಹೋದ ಸಲ ಫೇಲ್ ಆದವರು ಇದ್ದಾರಾ? ಮೂರನೆಯದಕ್ಕೆ "ಇಲ್ಲ ಸರ್, ಎಲ್ಲರಿಗೂ ಸರ್ಟಿಫಿಕೇಟ್ ಗ್ಯಾರಂಟಿ" ಅಂತ ಬಂದರೆ ಆ ದುಡ್ಡನ್ನು ತೆಗೆದಿಟ್ಟುಕೊಳ್ಳಿ.