ಆರು ಭೇಟಿಗಳ ಆಪ್ತಸಮಾಲೋಚನೆ: ಉದ್ಯೋಗಿಗಳಿಗಾಗಿ ಇರುವ ಸೇವೆಯೊಂದರ ವಿಮರ್ಶೆ

ನಾನು ಕೆಲಸ ಮಾಡುವ ಸಂಸ್ಥೆಯು ಹೊರಗಿನ ಸಂಸ್ಥೆಯೊಂದರ ಮೂಲಕ ಉದ್ಯೋಗಿಗಳಿಗೆ ಆಪ್ತಸಮಾಲೋಚನಾ ಸೇವೆಯನ್ನು ಒದಗಿಸಿದೆ. ವರ್ಷಕ್ಕೆ ಆರು ಭೇಟಿಗಳು ಉಚಿತ, ಪ್ರತಿ ಭೇಟಿಗೆ 50 ನಿಮಿಷ, ಮಾತುಕತೆ ಫೋನಿನಲ್ಲಿ ಇಲ್ಲವೇ ವಿಡಿಯೊ ಕರೆಯಲ್ಲಿ. ಇದರ ಜೊತೆಗೆ ಒಂದು ಆ್ಯಪ್. ಮೂರು ತಿಂಗಳಲ್ಲಿ ಆರೂ ಭೇಟಿಗಳನ್ನು ಮುಗಿಸಿದ್ದೇನೆ. ಇಂತಹ ಸೇವೆ ತಮಗೂ ಇದೆಯೆಂದು ಗೊತ್ತಿದ್ದು, ಹೋಗಲೋ ಬೇಡವೋ ಎಂದು ಅನುಮಾನಿಸುತ್ತಿರುವವರಿಗೆ ನನ್ನ ಅನುಭವ ಉಪಯೋಗಕ್ಕೆ ಬರಬಹುದೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ತಂಡದಲ್ಲಿ ತೆರವಾದ ಎರಡು ಹುದ್ದೆಗಳು ತುಂಬದೇ ಉಳಿದು, ಆ ಕೆಲಸದ ಬಹುಪಾಲು ಒಂದು ವರ್ಷದಿಂದ ನನ್ನ ಮೇಲೆ ಬಿದ್ದಿತ್ತು. ದಣಿವನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಸಣ್ಣದೊಂದು ಸಂದೇಹ ಕೇಳಲು ಬಂದಾಗ ಅವಳ ಮುಖವನ್ನೂ ನೋಡದೆ ಉತ್ತರಿಸಿ ಕಳುಹಿಸಿದ ದಿನ, ಇಷ್ಟಪಟ್ಟು ಕಲಿತ ಕೆಲಸದ ಬಗ್ಗೆ ನನ್ನಲ್ಲಿ ಏನೂ ಉಳಿದಿಲ್ಲವೆಂದು ತಿಳಿದು ಹೆದರಿದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಬರ್ನ್‌ಔಟ್ ಅನ್ನು, ಅಂದರೆ ಕೆಲಸದ ಬಳಲಿಕೆಯನ್ನು, ವಿವರಿಸುವಾಗ ಮೂರು ಲಕ್ಷಣಗಳನ್ನು ಹೇಳಿದೆ: ಶಕ್ತಿಯೆಲ್ಲ ಬತ್ತಿದಂತಹ ದಣಿವು, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಬಗ್ಗೆ ಕಹಿ ಹುಟ್ಟುವುದು, ಕೆಲಸದಲ್ಲಿನ ಸಾಮರ್ಥ್ಯ ಕುಂದುವುದು. ಅದೇ ವಿವರಣೆಯು ಇದನ್ನು ಕಾಯಿಲೆಯೆಂದು ಕರೆಯದೆ, ಸರಿಯಾಗಿ ನಿಭಾಯಿಸಲಾಗದ ದೀರ್ಘಕಾಲದ ಕೆಲಸದ ಒತ್ತಡದಿಂದ ಉಂಟಾಗುವ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ಗುರುತಿಸುತ್ತದೆ. ಹಾಗಿದ್ದ ಮೇಲೆ ಇಂತಹ ಸೇವೆಯನ್ನು ಅಳೆಯುವಾಗ, ಅದು ಉದ್ಯೋಗಿಯ ಮನಸ್ಸನ್ನು ವಿಚಾರಿಸುವಷ್ಟೇ ಆಸ್ಥೆಯಿಂದ ಅವರ ಕೆಲಸವನ್ನೂ ವಿಚಾರಿಸುತ್ತದೆಯೇ ಎಂಬುದನ್ನು ನೋಡಬೇಕು.

ಆ್ಯಪ್ ವಿಚಾರಿಸುವುದಿಲ್ಲ. ಉಸಿರಾಟದ ಅಭ್ಯಾಸಗಳು, ನಿದ್ದೆಗೆ ಮಳೆಯ ಸದ್ದು, ದಿನದ ಮನಃಸ್ಥಿತಿಯನ್ನು ಗುರುತಿಸಲು ಐದು ಮುಖಗಳು ಅದರಲ್ಲಿವೆ. ಸಭೆಗೆ ಮುನ್ನ ಎದೆ ಹೊಡೆದುಕೊಳ್ಳುವಾಗ ನಿಧಾನವಾಗಿ ಉಸಿರು ಬಿಡುವ ಅಭ್ಯಾಸದಿಂದ ನನಗೆ ಸಮಾಧಾನ ಸಿಕ್ಕಿದ್ದುಂಟು. ಆದರೆ ರಾತ್ರಿ ಒಂಬತ್ತಕ್ಕೆ ‘ಇಂದಿನ ಅಭ್ಯಾಸ ಬಾಕಿ ಇದೆ’ ಎಂಬ ಸೂಚನೆ ಬರುತ್ತಿತ್ತು. ಬಾಕಿ ಕೆಲಸಗಳಿಂದಲೇ ನಲುಗಿದವರಿಗೆ ಇನ್ನೊಂದು ಬಾಕಿಯನ್ನು ತೋರಿಸುವುದು ಸರಿಯಲ್ಲ. ಎರಡನೆಯ ವಾರ ಆ ಸೂಚನೆಗಳನ್ನು ನಿಲ್ಲಿಸಿಬಿಟ್ಟೆ.

ಸೇವೆಯ ನಿಜವಾದ ಬೆಲೆ ಆಪ್ತಸಮಾಲೋಚಕಿಯವರಲ್ಲಿತ್ತು. ಮೊದಲ ಭೇಟಿಯಲ್ಲಿ ಅವರು ಎರಡು ಕೆಲಸ ಮಾಡಿದರು. ಖಿನ್ನತೆಯನ್ನು ಗುರುತಿಸಲು ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ಮುಂದಿಟ್ಟು, ಹಿಂದಿನ ಎರಡು ವಾರಗಳ ನಿದ್ದೆ, ಹಸಿವು, ಆಸಕ್ತಿಗಳ ಬಗ್ಗೆ ಕೇಳಿದರು. ಬದುಕೇ ಬೇಡವೆನಿಸಿದೆಯೇ ಎಂಬ ಪ್ರಶ್ನೆಯನ್ನೂ ಹಿಂಜರಿಯದೆ, ಮೃದುವಾಗಿ ಕೇಳಿದರು. ಕೆಲಸದ ಬಳಲಿಕೆ ಮತ್ತು ಖಿನ್ನತೆ ಹೊರನೋಟಕ್ಕೆ ಒಂದೇ ತೆರನಾಗಿ ಕಾಣಬಹುದು, ಖಿನ್ನತೆಯಿದ್ದರೆ ಮನೋವೈದ್ಯರ ಬಳಿ ಹೋಗಬೇಕು, ಆರು ಮಾತುಕತೆಗಳಲ್ಲಿ ಅದನ್ನು ಮುಗಿಸಲು ಹೊರಡಬಾರದು ಎಂದು ವಿವರಿಸಿದರು. ಈ ಎಚ್ಚರವಿಲ್ಲದ ಸೇವೆಯನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಎರಡನೆಯದಾಗಿ, ಹಿಂದಿನ ವಾರವನ್ನು ಗಂಟೆ ಗಂಟೆಯಾಗಿ ಹೇಳಲು ಕೇಳಿ ಬರೆದುಕೊಂಡರು. ಕೂಡಿದಾಗ 58 ಗಂಟೆಯಾಯಿತು. 50ರ ಒಳಗಿರಬಹುದೆಂದು ನಾನು ನಂಬಿದ್ದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಅಥವಾ ಹೆಚ್ಚು ಗಂಟೆ ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ 35 ಪ್ರತಿಶತ, ರಕ್ತಪೂರೈಕೆಯ ಕೊರತೆಯಿಂದಾಗುವ ಹೃದ್ರೋಗದಿಂದ ಸಾಯುವ ಅಪಾಯ 17 ಪ್ರತಿಶತ ಹೆಚ್ಚು. ಹಿಂದೆಯೂ ಓದಿದ್ದ ಅಂಕಿಗಳಿವು. ನನ್ನ ವಾರದ ಲೆಕ್ಕ ಪಕ್ಕದಲ್ಲಿದ್ದಾಗ ಓದಿದ್ದೇ ಬೇರೆ.

ಮುಂದಿನ ಭೇಟಿಗಳಲ್ಲಿ ಅವರು ಬರ್ನ್‌ಔಟ್ ಕುರಿತು ಸಂಶೋಧನೆ ನಡೆಸಿದ ಮನೋವಿಜ್ಞಾನಿಗಳಾದ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಅದಕ್ಕೆ ಕಾರಣವಾಗಬಲ್ಲವೆಂದು ಗುರುತಿಸಿರುವ ಆರು ಅಂಶಗಳನ್ನು ಹಿಡಿದು ಸಾಗಿದರು: ಕೆಲಸದ ಹೊರೆ, ಕೆಲಸದ ಮೇಲಿನ ಹಿಡಿತ, ಪ್ರತಿಫಲ, ಸಹೋದ್ಯೋಗಿಗಳ ಒಡನಾಟ, ನ್ಯಾಯ, ಮೌಲ್ಯ. ಹೊರೆಯೇ ನನ್ನನ್ನು ಬಳಲಿಸಿದೆಯೆಂದು ತಿಳಿದಿದ್ದ ನನಗೆ, ಹೆಚ್ಚು ನೋವು ಕೊಡುತ್ತಿದ್ದುದು ಹಿಡಿತ ತಪ್ಪಿದ್ದು ಎಂದು ಕಂಡುಬಂತು. ಬೆಳಿಗ್ಗೆ ಆರಂಭಿಸಿದ್ದನ್ನು ಮಧ್ಯಾಹ್ನದ ‘ತುರ್ತು’ ಕೆಲಸ ಪಕ್ಕಕ್ಕೆ ತಳ್ಳುತ್ತಿತ್ತು. ಸಂಜೆ ಎರಡೂ ಅರ್ಧಕ್ಕೆ ನಿಂತಿರುತ್ತಿದ್ದವು. ಹೀಗಾಗಿ ಕೈಯಲ್ಲಿರುವ ಎಲ್ಲ ಕೆಲಸಗಳನ್ನೂ ಒಂದು ಹಾಳೆಯಲ್ಲಿ ಬರೆದು, ಹೊಸದು ಬಂದಾಗಲೆಲ್ಲ ‘ಇದನ್ನು ಎತ್ತಿಕೊಂಡರೆ ಯಾವುದನ್ನು ಕೆಳಗಿಡಲಿ?’ ಎಂದು ಮ್ಯಾನೇಜರನ್ನು ಕೇಳುವುದನ್ನು ಅಭ್ಯಾಸ ಮಾಡಿಸಿದರು. ಆ ಒಂದು ವಾಕ್ಯವನ್ನು ದನಿ ನಡುಗದೆ ಹೇಳಲು ನನಗೆ ಎರಡು ಭೇಟಿಗಳು ಬೇಕಾದವು. ಕಚೇರಿಯಲ್ಲಿ ಕೇಳಿದಾಗ, ವಾರದ ಎರಡು ವರದಿಗಳಲ್ಲಿ ಒಂದು ನನ್ನಿಂದ ಕಳಚಿತು. ಜೊತೆಗೆ, ದಿನದ ಕೊನೆಗೆ ಉಳಿದ ಕೆಲಸವನ್ನೂ ಮರುದಿನ ಅದರ ಮೊದಲ ಹೆಜ್ಜೆಯನ್ನೂ ಬರೆದಿಟ್ಟೇ ಏಳಬೇಕೆಂದರು. ಬಿಡುವಿನ ವೇಳೆಯಲ್ಲಿ ಮನಸ್ಸು ಕೆಲಸದಿಂದ ಬಿಡಿಸಿಕೊಳ್ಳದಿದ್ದರೆ ದೇಹ ಮಲಗಿದ್ದರೂ ಆಯಾಸ ತೀರುವುದಿಲ್ಲ ಎಂಬುದು ಇದರ ಹಿಂದಿನ ತಿಳಿವಳಿಕೆ. ಐದು ನಿಮಿಷದ ಈ ಬರವಣಿಗೆ ನನ್ನ ರಾತ್ರಿಗಳನ್ನು ಬಹುಮಟ್ಟಿಗೆ ಹಿಂದಿರುಗಿಸಿದೆ.

ಕೊರತೆಗಳು ಸಣ್ಣವಲ್ಲ. ಸಂಜೆ ಏಳರ ನಂತರದ ಸಮಯ ಸಿಗುವುದೇ ಅಪರೂಪ. ಬಿಡುವಿಲ್ಲದವರಿಗಾಗಿ ಇರುವ ಸೇವೆಯು ಬಿಡುವಿದ್ದವರಿಗಷ್ಟೇ ಸಿಗುವಂತಿದೆ. ಮೂರನೆಯ ಭೇಟಿಯಲ್ಲಿ ಬೇರೊಬ್ಬರನ್ನು ಕೂರಿಸಿದ್ದರಿಂದ ಮೊದಲಿನಿಂದ ಎಲ್ಲವನ್ನೂ ಹೇಳಬೇಕಾಗಿ ಬಂದು, ಆ ಭೇಟಿ ಬಹುತೇಕ ವ್ಯರ್ಥವಾಯಿತು. ಗೋಪ್ಯತೆಯ ನಿಯಮವನ್ನು ನಾಲ್ಕು ಪುಟಗಳ ಒಪ್ಪಿಗೆ ಪತ್ರದಲ್ಲಿ ಹುದುಗಿಸಿಟ್ಟಿದ್ದಾರೆ. ಪತ್ರ ಬರೆದು ಕೇಳಿದ ಮೇಲೆ, ಎಷ್ಟು ಮಂದಿ ಬಳಸಿದರೆಂಬ ಸಂಖ್ಯೆ ಮಾತ್ರ ನಮ್ಮ ಸಂಸ್ಥೆಗೆ ಹೋಗುತ್ತದೆ, ಹೆಸರು ಹೋಗುವುದಿಲ್ಲ, ಜೀವಕ್ಕೆ ಅಪಾಯವಿದ್ದಾಗ ಮಾತ್ರ ಗೋಪ್ಯತೆಗೆ ವಿನಾಯಿತಿ ಎಂಬ ಉತ್ತರ ಬಂತು. ಇದು ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಇರಬೇಕಾದ ಮಾತು. ನನ್ನ ಸಹೋದ್ಯೋಗಿಗಳಲ್ಲಿ ಹಲವರು ಹೋಗದಿರುವುದಕ್ಕೆ ಎಚ್‌ಆರ್‌ಗೆ ಗೊತ್ತಾಗಿಬಿಡುತ್ತದೆ ಎಂಬ ಭಯವೇ ಕಾರಣ.

ಇನ್ನು ಸಂಸ್ಥೆಗಳನ್ನು ನಡೆಸುವವರಿಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯು ಕೆಲಸದ ಸ್ಥಳದಲ್ಲಿನ ಮಾನಸಿಕ ಆರೋಗ್ಯದ ಬಗ್ಗೆ 2022ರಲ್ಲಿ ಹೊರತಂದ ಮಾರ್ಗಸೂಚಿಯು ವೈಯಕ್ತಿಕ ನೆರವಿನ ಜೊತೆಗೆ ಕೆಲಸದ ವ್ಯವಸ್ಥೆಯಲ್ಲಿನ ಬದಲಾವಣೆಯನ್ನೂ ಮ್ಯಾನೇಜರ್‌ಗಳ ತರಬೇತಿಯನ್ನೂ ಶಿಫಾರಸು ಮಾಡುತ್ತದೆ. ನಾನು ಕಲಿತದ್ದೆಲ್ಲ ಹೊರೆಯನ್ನು ಹೊರುವ ಬಗೆ. ಆ ಎರಡು ಹುದ್ದೆಗಳು ಇಂದಿಗೂ ಖಾಲಿಯೇ ಇವೆ, ಅವನ್ನು ತುಂಬುವುದು ಯಾವ ಆಪ್ತಸಮಾಲೋಚಕರಿಂದಲೂ ಆಗದು.

ಇಷ್ಟಾದರೂ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಆ್ಯಪ್ ಒಂದನ್ನೇ ಕೊಟ್ಟಿದ್ದರೆ ಒಂದೂವರೆ ಕೊಡುತ್ತಿದ್ದೆ. ಹೋಗುವವರು ಒಬ್ಬರೇ ಆಪ್ತಸಮಾಲೋಚಕರು ಕೊನೆಯವರೆಗೂ ಇರಲಿ ಎಂದು ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ, ಹಿಂದಿನ ಒಂದು ವಾರದ ದಿನಚರಿಯನ್ನು ಗಂಟೆವಾರು ಬರೆದುಕೊಂಡೇ ಹೋಗಿ. ನನಗೆ ಆ ಲೆಕ್ಕ ಒಪ್ಪಿಸುವುದರಲ್ಲೇ ಮೊದಲ ಭೇಟಿಯ ಅರ್ಧ ಸಮಯ ಕಳೆದಿತ್ತು.