ಬೆಲ್ಲೋಸ್ ಇರುವ ಅನಸ್ತೇಶಿಯಾ ಯಂತ್ರ: ಕರಾವಳಿಯ ಆಪರೇಷನ್ ಥಿಯೇಟರಿಗೆ ಆಗುತ್ತದೆಯೇ?

ಕಾರವಾರ, ಕುಮಟಾದಂಥ ಊರಿನ ಸಣ್ಣ ಆಸ್ಪತ್ರೆಯ ಬಜೆಟ್ಟಿಗೆ ಎಟಕುವುದು ಮಧ್ಯಮ ದರದ, ಬೆಲ್ಲೋಸ್ (ರೋಗಿಗೆ ಉಸಿರು ತಳ್ಳುವ, ಮೇಲೆ-ಕೆಳಗೆ ಆಡುವ ತಿದಿ) ಇರುವ ವರ್ಕ್‌ಸ್ಟೇಷನ್. ಸರ್ಕ್ಯೂಟ್, ಅಂದರೆ ಯಂತ್ರಕ್ಕೂ ರೋಗಿಗೂ ನಡುವಿನ ಉಸಿರಿನ ಕೊಳವೆ, ಸೋರಿದರೆ ಬೆಲ್ಲೋಸ್ ಪೂರ್ತಿ ಮೇಲೇಳುವುದಿಲ್ಲ, ಕಣ್ಣಿಗೇ ಗೊತ್ತಾಗುತ್ತದೆ. ಆ ಒಂದು ಗುಣಕ್ಕೆ ಪೂರ್ತಿ ಅಂಕ. ಶ್ವಾಸಕೋಶ ಕಾಯುವ ವಿಷಯಕ್ಕೆ ಬಂದರೆ ಮಾದರಿಯಿಂದ ಮಾದರಿಗೆ ಅಜಗಜಾಂತರ.

ಮೊದಲು ಕೇಳಬೇಕಾದ್ದು ಫ್ರೆಶ್ ಗ್ಯಾಸ್ ಕಾಂಪೆನ್ಸೇಷನ್ ಇದೆಯೇ ಎಂದು; ಅಂದರೆ ಹರಿದುಬರುವ ಹೊಸ ಗ್ಯಾಸ್ ರೋಗಿಯ ಉಸಿರಿಗೆ ಹೆಚ್ಚುವರಿಯಾಗಿ ಸೇರದಂತೆ ಯಂತ್ರವೇ ಸರಿದೂಗಿಸುತ್ತದೆಯೇ ಎಂದು. 152 ಸೆಂ.ಮೀ. ಎತ್ತರದ ಹೆಂಗಸು 75 ಕೆ.ಜಿ. ತೂಗಿದರೂ ಟೈಡಲ್ ವಾಲ್ಯೂಮ್ (ಒಂದು ಉಸಿರಿನ ಅಳತೆ) ಲೆಕ್ಕ ಎತ್ತರದಿಂದ ಬರುವ 45 ಕೆ.ಜಿ.ಗೇ: ಕೆ.ಜಿ.ಗೆ 7 ಮಿ.ಲೀ.ನಂತೆ 315. (ಮೈ ದಪ್ಪಗಾದರೆ ಶ್ವಾಸಕೋಶವೇನೂ ದೊಡ್ಡದಾಗುವುದಿಲ್ಲ.) ಕಾಂಪೆನ್ಸೇಷನ್ ಇಲ್ಲದ ಯಂತ್ರದಲ್ಲಿ ನಿಮಿಷಕ್ಕೆ 12 ಉಸಿರು, ಐ:ಇ (ಉಸಿರು ಒಳಹೋಗುವ, ಹೊರಬರುವ ಸಮಯದ ಅನುಪಾತ) 1:2, ಫ್ರೆಶ್ ಗ್ಯಾಸ್ 6 ಲೀಟರ್ ಇಟ್ಟರೆ, ಉಸಿರು ಒಳಹೋಗುವ 1.67 ಸೆಕೆಂಡಿನಲ್ಲಿ ಇನ್ನೂ ಸುಮಾರು 165 ಮಿ.ಲೀ. ಸೇರಿಕೊಳ್ಳುತ್ತದೆ. ಸರ್ಕ್ಯೂಟ್ ಹಿಗ್ಗಿ ಸ್ವಲ್ಪ ನುಂಗಿದರೂ 480ರ ಹತ್ತಿರ ಹೋಗಿ, ಕೆ.ಜಿ.ಗೆ 10 ಮಿ.ಲೀ. ದಾಟಬಹುದು. ಇಂಥ ಯಂತ್ರವೇ ಗತಿಯೆಂದರೆ ಫ್ಲೋ 1–2 ಲೀಟರಿಗೆ ಇಳಿಸಿ, ಹೊರಬರುವ ಉಸಿರಿನ ಅಳತೆ ನೋಡಿ.

ಆ ಅಳತೆಯೂ ಕೈಕೊಡುತ್ತದೆ. ಕಡಿಮೆ ಫ್ಲೋನಲ್ಲಿ, ಇಂಗಾಲದ ಡೈಆಕ್ಸೈಡ್ ಹೀರುವ ಸೋಡಾಲೈಮ್‌ನ ನೀರು, ರೋಗಿಯ ಉಸಿರಿನ ತೇವ ಎರಡೂ ಸರ್ಕ್ಯೂಟ್‌ನಲ್ಲೇ ಉಳಿದು, ಎಸಿ ತಂಪಿಗೆ ಹನಿಗಟ್ಟಿ, ಉಸಿರು ಅಳೆಯುವ ಫ್ಲೋ ಸೆನ್ಸರಿಗೆ ಕೂರುತ್ತವೆ. ಅಂಕಿ ಸುಮ್ಮನೆ ಏರಿಳಿಯುತ್ತದೆ. ರೋಗಿಯ ಕಡೆ, ಉಸಿರಿನ ತೇವ ಹಿಡಿದಿಡುವ ಎಚ್‌ಎಂಇ ಫಿಲ್ಟರ್ ಹಾಕಿ, ವಾಟರ್ ಟ್ರ್ಯಾಪ್ ಆಗಾಗ ಖಾಲಿ ಮಾಡಿ. ಎರಡು ಸೆನ್ಸರ್ ಹೆಚ್ಚಿಗೆ ಕೊಡಬೇಕೆಂದು ಖರೀದಿ ಆರ್ಡರ್‌ನಲ್ಲೇ ಬರೆಸಿ. ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದ ವಾರ ಹುಬ್ಬಳ್ಳಿಯಿಂದ ಎಂಜಿನಿಯರ್ ಬಂದು ಮುಟ್ಟುವುದು ಕಷ್ಟ.

ಬೆಳಗಿನ ಲೀಕ್ ಟೆಸ್ಟ್ ಆದಮೇಲೆ ಗಿಡ್ಡ ಸರ್ಕ್ಯೂಟ್ ತೆಗೆದು ಉದ್ದದ್ದು ಹಾಕಿದರೆ ಟೆಸ್ಟ್ ಮತ್ತೆ ಮಾಡಲೇಬೇಕು.

ಪೀಪ್ (ಉಸಿರು ಬಿಟ್ಟ ಕೊನೆಗೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ, ಸೆಂ.ಮೀ. ನೀರಿನ ಲೆಕ್ಕದಲ್ಲಿ) 5ರಲ್ಲಿ ಶುರು ಮಾಡಿದರೆ ಸಾಕು. ಹೆಚ್ಚಿದಷ್ಟೂ ಒಳ್ಳೆಯದು ಎನ್ನುವ ಸೇಲ್ಸ್‌ನವರ ಮಾತು ನಂಬಬೇಡಿ: 2014ರ ಪ್ರೊವ್‌ಹೈಲೋ ಅಧ್ಯಯನದಲ್ಲಿ 12 ಇಟ್ಟವರಿಗೆ ಶ್ವಾಸಕೋಶದ ತೊಂದರೆಯೇನೂ ಕಡಿಮೆಯಾಗಲಿಲ್ಲ, ಬಿಪಿ ಬಿದ್ದವರೇ ಹೆಚ್ಚು. ಪೀಕ್ ಪ್ರೆಶರ್ ಮಾತ್ರ ತೋರಿಸುವ ಮಾದರಿ ಬೇಡ. ಪ್ಲೇಟೋದಲ್ಲಿ (ಉಸಿರು ತುಂಬಿ ಗಾಳಿಯ ಓಡಾಟ ನಿಂತಾಗಿನ ಒತ್ತಡ) ಪೀಪ್ ಕಳೆದರೆ ಡ್ರೈವಿಂಗ್ ಪ್ರೆಶರ್. ಟೈಡಲ್ ವಾಲ್ಯೂಮ್ ಬದಲಿಸದೆ ಪೀಪ್ ಏರಿಸಿದಾಗ ಅದು ಇಳಿದರೆ ಶ್ವಾಸಕೋಶದ ಮುಚ್ಚಿದ ಭಾಗ ತೆರೆದಿದೆ, ಏರಿದರೆ ಅತಿಯಾಗಿ ಹಿಗ್ಗುತ್ತಿದೆ.

ಪೈಪ್‌ಲೈನ್ ಇಲ್ಲದ ಕಡೆ ಬೆಲ್ಲೋಸ್ ತಳ್ಳುವುದಕ್ಕೂ ಸಿಲಿಂಡರ್ ಆಕ್ಸಿಜನ್ನೇ ಖರ್ಚಾಗುತ್ತದೆ. ಮೇಲಿನ ರೋಗಿಗೆ ಅದೇ ನಿಮಿಷಕ್ಕೆ ಸುಮಾರು 4 ಲೀಟರ್, ಫ್ರೆಶ್ ಗ್ಯಾಸ್ ಲೆಕ್ಕ ಬೇರೆ. ಕಂಪ್ರೆಸರ್ ಗಾಳಿಗೆ ಬದಲಿಸಿ ಕೊಡುತ್ತಾರಾ ಎಂದು ಡೆಮೊ ದಿನವೇ ಕೇಳಿಕೊಳ್ಳಿ.