ಓಂಕಾಳು, ಬಡೇಸೋಂಪು, ಪುದೀನಾ ಎಣ್ಣೆ: ಯಾವ ಹೊಟ್ಟೆಗೆ ಯಾವುದು?

ದಾವಣಗೆರೆಯಲ್ಲಿ ಸಂಜೆ ಮಂಡಕ್ಕಿ ಮಿರ್ಚಿ ತಿಂದು ಹೊಟ್ಟೆ ಉಬ್ಬರಿಸಿದರೆ ನನ್ನ ಮೊದಲ ಆಯ್ಕೆ ಓಂಕಾಳು. ಮಿರ್ಚಿಯ ಕಡಲೆಹಿಟ್ಟಿಗೇ ಅದನ್ನು ಹಾಕುವ ರೂಢಿ ಸುಮ್ಮನೆ ಬಂದದ್ದಲ್ಲ. ಕಾಳಿನ ತೂಕದಲ್ಲಿ ಸುಮಾರು ಶೇ. 2ರಿಂದ 4ರಷ್ಟು ಸುಗಂಧ ತೈಲವಿರುತ್ತದೆ, ಅದರಲ್ಲಿ ಮುಖ್ಯವಾದದ್ದು ಥೈಮಾಲ್. ನಾಲಿಗೆಗೆ ಚುರುಕು ಮುಟ್ಟಿಸುವುದೂ ಅದೇ. ಅರ್ಧ ಚಮಚ ಕಾಳನ್ನು ಚಿಟಿಕೆ ಉಪ್ಪಿನ ಜೊತೆ ಅಗಿದು ಬಿಸಿನೀರು ಕುಡಿದರೆ ತೇಗು ಬಂದು ನನ್ನ ಹೊಟ್ಟೆ ಹಗುರಾಗುತ್ತದೆ. ಚೆನ್ನಾಗಿ ಕುದಿಸಿದ ಕಷಾಯ ಮಾತ್ರ ಅಷ್ಟು ಕೆಲಸ ಮಾಡಲಿಲ್ಲ. ಈ ತೈಲಗಳು ಆವಿಯ ಜೊತೆ ಹೊರಟುಹೋಗುತ್ತವೆ. ಅಡುಗೆಮನೆಯೆಲ್ಲ ಘಮ್ಮೆಂದರೆ ಲೋಟದಲ್ಲಿ ಅಷ್ಟು ಕಡಿಮೆ ಉಳಿಯಿತೆಂದೇ ಲೆಕ್ಕ. ಕಾಳು ಜಜ್ಜಿ, ಬಿಸಿನೀರು ಸುರಿದು, ತಟ್ಟೆ ಮುಚ್ಚಿಡುವುದೇ ಸರಿ.

ಎದೆಯುರಿ ಇದ್ದಾಗ ಓಂಕಾಳು ನನಗೆ ಒಗ್ಗಲಿಲ್ಲ, ಉರಿ ಇನ್ನೂ ಏರಿತು. ಆಗ ಬಡೇಸೋಂಪೇ ವಾಸಿ. ಅದರ ಸಿಹಿ ಅನೆಥಾಲ್ ಎಂಬ ತೈಲಾಂಶದ್ದು. ಗಂಟಲಿಗೆ ಹಿತ, ಆದರೆ ಬಿಗಿದ ಉಬ್ಬರಕ್ಕೆ ನಿಧಾನ.

ಹೊಟ್ಟೆ ಹಿಂಡಿದಂತೆ ನುಲಿಯುವ ನೋವೇ ಬೇರೆ. ಅದಕ್ಕೆ ಮೇಲಿನ ಎರಡಕ್ಕಿಂತ ಪೆಪ್ಪರ್‌ಮಿಂಟ್ (ಒಂದು ಬಗೆಯ ಪುದೀನಾ) ಎಣ್ಣೆಯ ಕ್ಯಾಪ್ಸೂಲ್ ನನಗೆ ಹೆಚ್ಚು ಹಿಡಿಸಿತು. ಅದರ ಮೆಂಥಾಲ್ ಕರುಳಿನ ಸ್ನಾಯುಗಳೊಳಕ್ಕೆ ಕ್ಯಾಲ್ಸಿಯಂ ಹೋಗುವುದನ್ನು ತಡೆಯುತ್ತದೆ, ಬಿಗಿತ ಸಡಿಲವಾಗುತ್ತದೆ. ಐಬಿಎಸ್ (ಕರುಳು ಪದೇಪದೇ ಕೆರಳುವ ತೊಂದರೆ) ಇರುವವರಿಗೆ ವೈದ್ಯರು ಇದನ್ನು ಬರೆದುಕೊಡುವುದುಂಟು. ಮಾಮೂಲಿ ಪ್ರಮಾಣ 0.2 ಮಿ.ಲೀ.ನ ಕ್ಯಾಪ್ಸೂಲ್, ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು. ಅದರ ಹೊದಿಕೆ ಜಠರ ದಾಟಿ ಕರುಳಿನಲ್ಲಿ ಕರಗುವಂಥದ್ದು, ಹಾಗಾಗಿ ಅಗಿಯಬಾರದು. ಜಠರದಲ್ಲೇ ಬಿಚ್ಚಿಕೊಂಡರೆ ಅದೇ ಮೆಂಥಾಲ್ ಅನ್ನನಾಳದ ಕೆಳಬಾಗಿಲನ್ನೂ ಸಡಿಲಿಸಿ ಹುಳಿ ಮೇಲೇರುತ್ತದೆ. ಹುಳಿತೇಗಿನವರಿಗೆ ಇದನ್ನು ನಾನಂತೂ ಹೇಳುವುದಿಲ್ಲ.

ಮಾರುಕಟ್ಟೆಯ ಪುದೀನಾ ಸೊಪ್ಪಿನಿಂದ ಇದೇ ಫಲ ಸಿಗಲಿ ಎಂದು ಕಷಾಯವನ್ನೂ ಮಾಡಿ ಕುಡಿದೆ, ರುಚಿ ಬಿಟ್ಟರೆ ಏನೂ ಕಾಣಲಿಲ್ಲ. ನಾವು ಚಟ್ನಿಗೆ ತರುವ ಸೊಪ್ಪು ಹೆಚ್ಚಾಗಿ ಸ್ಪಿಯರ್‌ಮಿಂಟ್ ಎಂಬ ಇನ್ನೊಂದು ಬಗೆಯ ಪುದೀನಾ. ಅದರಲ್ಲಿ ಮೆಂಥಾಲ್ ತೀರಾ ಕಡಿಮೆ, ಕಾರ್ವೋನ್ ಎಂಬ ಬೇರೆ ತೈಲಾಂಶ ಹೆಚ್ಚು.

ಖರ್ಚಿನಲ್ಲಿ ಓಂಕಾಳಿಗೆ ಸಾಟಿಯಿಲ್ಲ. ಗ್ರಂಧಿಗೆ ಅಂಗಡಿಯಲ್ಲಿ ಒಂದಿಷ್ಟು ಕಟ್ಟಿಸಿಕೊಂಡು ಬಂದರೆ ತಿಂಗಳುಗಟ್ಟಲೆ ಸಾಕು. ಆದರೆ ಸೀಸೆಯಲ್ಲಿ ಮಾರುವ ಅಪ್ಪಟ ಎಣ್ಣೆಯನ್ನು ಹನಿ ಲೆಕ್ಕದಲ್ಲೂ ನೇರವಾಗಿ ಬಾಯಿಗೆ ಹಾಕಿಕೊಳ್ಳಬೇಡಿ, ಕೂಸುಗಳಿಗಂತೂ ಬೇಡವೇ ಬೇಡ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ನೋವು ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ ಈ ಮೂರೂ ಮದ್ದುಗಳನ್ನು ಬಿಟ್ಟು ವೈದ್ಯರ ಹತ್ತಿರ ಹೋಗಿ.